ಹಳಿಯಿಂದ ಏಳಡಿ

ಆ ಶನಿವಾರ ಸಂಜೆ ನಾಲ್ಕು ಗಂಟೆಗೆ ಗಡಿಯಾರ ರಿಪೇರಿಯ ಮೈರಿಗ್ ಸಭಾಕೋಣೆಯ ಬಾಗಿಲು ತಳ್ಳಿದಾಗ ಮೊದಲು ಕಂಡದ್ದು ಎಮ್ರಿಸ್ ವಾನ್ ಅವರ ಬೂಟುಗಳು. ಮಾದರಿ ರೈಲಿನ ಉದ್ದನೆಯ ಮೇಜಿನ ಪಕ್ಕದಲ್ಲಿ ಅವು ಮೇಲ್ಮುಖವಾಗಿ ನಿಂತಿದ್ದವು. ಮುದುಕ ಮತ್ತೆ ಮೇಜಿನಡಿ ತೂರಿ ತಂತಿ ಜೋಡಿಸುತ್ತಿದ್ದಾರೆ ಎಂದುಕೊಂಡ ಮೈರಿಗ್, "ತಂದಿದ್ದೀನಿ ನಿಮ್ಮ ಎಂಜಿನ್ನಿನ ಹಲ್ಲುಗಾಲಿ. ಇನ್ನು ಅದು ಕೆಮ್ಮಲ್ಲ," ಎಂದ. ಉತ್ತರ ಬರಲಿಲ್ಲ.

ಎಮ್ರಿಸ್ ಅಂಗಾತ ಮಲಗಿದ್ದರು. ತಲೆಯ ಕೆಳಗೆ ಅವರದೇ ಕಂದು ಕೋಟು, ಅಚ್ಚುಕಟ್ಟಾಗಿ ಮಡಿಸಿದ್ದು. ಕನ್ನಡಕ ಪಕ್ಕದ ಸ್ಟೂಲಿನ ಮೇಲಿತ್ತು. ಮೈರಿಗ್ ಮಂಡಿಯೂರಿ ಕೈ ಹಿಡಿದು ನೋಡಿದ. ಕೈ ಆಗಲೇ ತಣ್ಣಗಾಗಿತ್ತು.

ಅವನು ರಸ್ತೆಯ ತುದಿಯಲ್ಲಿದ್ದ ಫೋನ್ ಪೆಟ್ಟಿಗೆಗೆ ಓಡಿದ. ಇನ್ನೂರು ಹೆಜ್ಜೆಯೂ ಇಲ್ಲದ ದೂರ. ಅರ್ಧ ಗಂಟೆಯೊಳಗೆ ಡಾಕ್ಟರು ಬಂದರು, ಸಾರ್ಜೆಂಟ್ ಗೆಥಿನ್ ಬಂದ, ಬಾಗಿಲಲ್ಲಿ ಊರವರು ಕೂಡಿದರು. ಗುಂಪಿನ ಮುಂದೆ ನಿಂತು ಟೋಪಿ ಕೈಯಲ್ಲಿ ಹಿಡಿದು ಬಿಕ್ಕುತ್ತಿದ್ದವರು ಇದ್ವಾಲ್ ಪ್ರೈಸ್. ಒಂದು ಕಾಲದಲ್ಲಿ ಊರಿನ ಸ್ಲೇಟುಕಲ್ಲಿನ ಕ್ವಾರಿಯಲ್ಲಿ ತೂಕದ ಗುಮಾಸ್ತ, ಈಗ ಪ್ರಾರ್ಥನಾ ಮಂದಿರದ ಹಿರಿಯ, ಎಮ್ರಿಸ್‌ಗೆ ನಲವತ್ತು ವರ್ಷದ ಗೆಳೆಯ. ಅವರನ್ನು ಭುಜ ಹಿಡಿದು ಸಂತೈಸುತ್ತಿದ್ದವಳು ಶಾಲೆಯ ಅಡುಗೆಮನೆಯ ಹೈಲ್ವೆನ್.

ಡಾಕ್ಟರು, "ಹೃದಯ. ಎರಡೂವರೆಯಿಂದ ಮೂರೂವರೆಯೊಳಗೆ ಹೋಗಿದ್ದಾರೆ. ಅದಕ್ಕಿಂತ ನಿಖರವಾಗಿ ಹೇಳೋಕಾಗಲ್ಲ," ಎಂದು ಚೀಲ ಮುಚ್ಚಿದರು.

"ಪಾಪ, ಎದೆನೋವು ಬಂದಿರ್ಬೇಕು, ಕೋಟು ಬಿಚ್ಚಿ ತಲೆಗಿಟ್ಕೊಂಡು ಮಲ್ಗಿದಾರೆ," ಎಂದು ಗೆಥಿನ್ ಟಿಪ್ಪಣಿ ಪುಸ್ತಕ ಮಡಚಿದ.

"ಯಾವ ಕೈಯಿಂದ ಬಿಚ್ಚಿದ್ರಂತೆ?" ಎಂದು ಹಿಂದಿನಿಂದ ಒಂದು ದನಿ ಕೇಳಿತು.

ಗೆಥಿನ್ ಕಣ್ಣು ಮುಚ್ಚಿ ಉಸಿರು ಬಿಟ್ಟ. ತಿರುಗಿ ನೋಡದೆಯೇ ಅವನಿಗೆ ಗೊತ್ತಾಗಿತ್ತು. ನರ್ಸ್ ಬೆವನ್ ಮೂವತ್ತೆರಡು ವರ್ಷ ಅಬರ್‌ಲೆಖ್‌ನ ಗುಡ್ಡದ ಮನೆಗಳಿಗೆಲ್ಲ ಸೈಕಲ್ ತುಳಿದವರು. ಕೆಲಸದಿಂದ ನಿವೃತ್ತರಾದರೂ ಊರಿನಿಂದ ನಿವೃತ್ತರಾಗಿರಲಿಲ್ಲ. ಗಾಯನ ಮಂಡಳಿಯ ಬೆಳ್ಳಿ ಬಟ್ಟಲು ಕಾಣೆಯಾದಾಗ, ಕುರಿನಾಯಿಗಳು ಒಂದೊಂದಾಗಿ ವಿಷ ತಿಂದು ಸತ್ತಾಗ, ಪೊಲೀಸರಿಗಿಂತ ಮೊದಲು ವಿಷಯ ತಿಳಿದದ್ದು ಅವರಿಗೆ. ಎರಡು ಸಲವೂ ಜೊತೆಗಿದ್ದವನು ಮೈರಿಗ್. ಅವರಿಗೆ ವಾಹನವಿರಲಿಲ್ಲ, ಅವನಿಗೊಂದು ಹಳೆಯ ವ್ಯಾನಿತ್ತು. ಅವರ ಕಣ್ಣು ಮಂದ, ಅವನ ಜೇಬಿನಲ್ಲಿ ಸದಾ ಭೂತಗನ್ನಡಿ.

"ನರ್ಸ್, ಇದು ಸಹಜ ಸಾವು," ಎಂದ ಗೆಥಿನ್.

"ನೀನು ಹುಟ್ಟಿದ ದಿನ ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಬಡಿದವಳು ನಾನು. ಆವತ್ತೂ ನೀನು ತಡವಾಗೇ ಉಸಿರೆಳ್ಕೊಂಡೆ. ಈಗ ಸ್ವಲ್ಪ ಸುಮ್ನಿರು." ಅವರು ನೆಲದ ಮೇಲೆ ಕೂತರು. "ಇವರ ಬಲಭುಜ ಹತ್ತು ವರ್ಷದಿಂದ ಕಲ್ಲಾಗಿತ್ತು. ಕೈ ಎದೆಯಿಂದ ಮೇಲೆ ಏಳ್ತಿರ್ಲಿಲ್ಲ. ಮೈರಿಗ್, ದಿನಾ ಇವರ ಕೋಟು ಬಿಚ್ಚಿಕೊಡ್ತಿದ್ದೋರು ಯಾರು?"

"ನಾನಿದ್ರೆ ನಾನು, ಇಲ್ದಿದ್ರೆ ಹೈಲ್ವೆನ್," ಎಂದ ಮೈರಿಗ್.

ನರ್ಸ್ ಎಮ್ರಿಸ್‌ರ ಜೇಬಿನಿಂದ ಮಾತ್ರೆಯ ತಗಡಿನ ಡಬ್ಬಿ ತೆಗೆದರು. ಮುಚ್ಚಳ ಬಿಗಿಯಾಗಿ ಹಾಕಿತ್ತು. ತೆರೆಯಲು ಅವರಿಗೂ ಎರಡು ಕೈ ಬೇಕಾಯಿತು. ಆಮೇಲೆ ಎಮ್ರಿಸ್‌ರ ಅಂಗಿಯ ತೋಳಿನ ಮೇಲೆ ಬೆರಳಾಡಿಸಿದರು. ಬೆರಳಿಗೆ ಸಣ್ಣ ಕಪ್ಪು ಹರಳುಗಳು ಅಂಟಿದವು. ಎದೆಯ ಮೇಲೂ ಒಂದಷ್ಟಿದ್ದವು. ಮೈರಿಗ್ ಭೂತಗನ್ನಡಿ ಹಿಡಿದು ನೋಡಿದ: ಜರಡಿ ಹಿಡಿದ ಸ್ಲೇಟುಕಲ್ಲಿನ ಪುಡಿ. ಮಾದರಿಯ ಹಳಿಗಳ ನಡುವೆ ಜಲ್ಲಿಯ ಬದಲು ಎಮ್ರಿಸ್ ಹಾಸುತ್ತಿದ್ದದ್ದು ಅದನ್ನೇ.

"ಮೈ ಕೆಳಗಲ್ಲ, ಮೈ ಮೇಲೆ ಬಿದ್ದಿದೆ," ಎಂದರು ನರ್ಸ್ ಮೆಲ್ಲಗೆ. "ಇವರು ಮಲಗಿದ್ಮೇಲೆ ಮೇಜಿನ ಮೇಲೆ ಯಾರೋ ಕೈಯಾಡಿಸಿದಾರೆ."

ಮೇಜಿನ ಮೇಲೆ ಹದಿನೆಂಟು ಅಡಿ ಉದ್ದಕ್ಕೆ ಅಬರ್‌ಲೆಖ್ ಕ್ವಾರಿಯ ಕಿರುರೈಲಿನ ಮಾದರಿ ಹಬ್ಬಿತ್ತು. ಗುಡ್ಡದ ಮೇಲಿನ ತೂಕದ ಕಟ್ಟೆಯಿಂದ ಹಿಡಿದು ಕೆಳಗಿನ ಹಡಗುಕಟ್ಟೆಯವರೆಗೆ, ಸಾವಿರದ ಒಂಬೈನೂರ ಮೂವತ್ತೇಳರ ವಸಂತದಲ್ಲಿ ಹೇಗಿತ್ತೋ ಹಾಗೆ. ಎಮ್ರಿಸ್ ಆ ಮಾರ್ಗದ ಎಂಜಿನ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು. ಕ್ವಾರಿ ಮುಚ್ಚಿ, ಹಳಿಗಳನ್ನು ಕಿತ್ತು ಗುಜರಿಗೆ ಹಾಕಿದ ಮೇಲೂ ಅವರು ಅದನ್ನು ಬಿಟ್ಟಿರಲಿಲ್ಲ. ಇಪ್ಪತ್ತಾರು ವರ್ಷ ಕಟ್ಟಿದ್ದರು. ಬೇರೆ ಹವ್ಯಾಸಿಗಳು ನಗುತ್ತಿದ್ದುದು ಅವರ ಅಳತೆಯನ್ನು ಕಂಡು. ಅಂಗಡಿಯಲ್ಲಿ ಸಾಮಾನು ಸಿಗುವುದು ನಿಜದ ಒಂದಡಿಯನ್ನು ನಾಲ್ಕು ಮಿಲಿಮೀಟರಿಗೆ ಇಳಿಸಿದ ಮಾದರಿಗೆ, ಇಲ್ಲವೇ ಏಳರದಕ್ಕೆ. ಎಮ್ರಿಸ್ ಹಿಡಿದದ್ದು ಆರು.

"ನಮ್ಮ ಹಳಿಗಳ ನಡುವೆ ಎರಡಡಿ," ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದರು. "ಅಡಿಗೆ ಆರಾದ್ರೆ ಹನ್ನೆರಡು ಮಿಲಿಮೀಟರ್. ಕೂದಲೆಳೆ ವ್ಯತ್ಯಾಸ ಇಲ್ಲ. ಅಂಗಡಿಯವನ ಅನುಕೂಲಕ್ಕೆ ನಮ್ಮೂರನ್ನ ಹಿಗ್ಗಿಸಿ ಕುಗ್ಗಿಸಿ ಮಾಡೋಕೆ ನಾನೇನು ದರ್ಜಿಯಾ?"

ಹಾಗಾಗಿ ಒಂದು ಚಕ್ರವೂ ಕೊಂಡದ್ದಲ್ಲ. ಎಲ್ಲವೂ ಅವರ ಎಡಗೈಯ ಕೆಲಸ. ಬಲಗೈ ಬರಿಯ ಒತ್ತಾಸೆಗೆ. ಸೋಮವಾರ, ಈಸ್ಟರ್ ರಜೆಯ ದಿನ, ಊರವರು ಅದನ್ನು ಮೊದಲ ಸಲ ಪೂರ್ತಿಯಾಗಿ ನೋಡುವವರಿದ್ದರು.

"ಏನಾದ್ರೂ ಬದಲಾಗಿದ್ಯಾ ನೋಡು," ಎಂದರು ನರ್ಸ್.

ಮೈರಿಗ್ ಮೇಜಿನುದ್ದಕ್ಕೂ ಎರಡು ಸಲ ನಡೆದ. ಎಂಜಿನ್ನುಗಳಿದ್ದವು, ವ್ಯಾಗನ್ನುಗಳಿದ್ದವು. ಆದರೆ ಇಳಿಜಾರಿನ ತಲೆಯ ಹತ್ತಿರ, ತೂಕದ ಕಟ್ಟೆಗೂ ವ್ಯಾಗನ್ನುಗಳ ಸಾಲಿಗೂ ನಡುವೆ ಇದ್ದ ಪುಟ್ಟ ಕಲ್ಲಿನ ಸಾಮಾನು ಕೋಣೆ ಯಾಕೋ ಅವನ ಕಣ್ಣಿಗೆ ಒಗ್ಗಲಿಲ್ಲ. ಬೆರಳಿನಿಂದ ಮುಟ್ಟಿದ. ಗೋಡೆಯ ಬುಡ ಜಿಗುಟಾಗಿತ್ತು.

"ಅಂಟು! ಎಮ್ರಿಸ್ ಕಟ್ಟಡಗಳಿಗೆ ಅಂಟು ಹಾಕಲ್ಲ ನರ್ಸ್. ಧೂಳು ಒರೆಸೋಕೆ ಬೇಕು ಅಂತ ಕೆಳಗಿಂದ ಎರಡೆರಡು ಸ್ಕ್ರೂ ಹಾಕ್ತಾರೆ."

ಅವನು ಮೇಜಿನಡಿ ತೂರಿದ. ಹಲಗೆಯಲ್ಲಿ ಎರಡು ತೂತುಗಳಿದ್ದವು; ಸ್ಕ್ರೂಗಳು ನೆಲದ ಮೇಲೆ ಬಿದ್ದಿದ್ದವು. ತೂತುಗಳ ಲೆಕ್ಕದಲ್ಲಿ ಕೋಣೆಯ ಗೋಡೆ ಹಳಿಯಿಂದ ಹದಿನೆಂಟು ಮಿಲಿಮೀಟರ್ ದೂರ ಇರಬೇಕಿತ್ತು. ಈಗ ಅಂಟಿಸಿದ ಜಾಗದಲ್ಲಿ ಅಳೆದರೆ ಸರಿಯಾಗಿ ನಲವತ್ತೆರಡು. ಹಳೆಯ ಜಾಗದ ಮೇಲೆ ಹೊಸದಾಗಿ ಕಲ್ಲುಪುಡಿ ಉದುರಿಸಿ ಮುಚ್ಚಿದ್ದರು.

ಎಮ್ರಿಸ್ ತಾವೇ ಗೀರು ಹಾಕಿಕೊಂಡಿದ್ದ ಹಿತ್ತಾಳೆಯ ಅಳತೆಪಟ್ಟಿ ಅದರ ಪೆಟ್ಟಿಗೆಯಲ್ಲೇ ಇತ್ತು. ಆರಾರು ಮಿಲಿಮೀಟರಿಗೆ ಒಂದು ಗೀರು. ಒಂದು ಗೀರು ಅಂದರೆ ಒಂದಡಿ. ಮೈರಿಗ್ ಅದನ್ನು ಬೆಳಕಿಗೆ ಹಿಡಿದ. ಏಳನೆಯ ಗೀರಿನ ಮೇಲೆ ಅಂಟಿನ ಕಲೆಯಿತ್ತು.

"ಮೂರಡಿ ಇದ್ದದ್ದನ್ನ ಏಳಡಿ ಮಾಡಿದಾರೆ," ಎಂದ. "ಸುಮ್ನೆ ಸರಿಸಿದ್ದಲ್ಲ, ಅಳೆದು ಸರಿಸಿದಾರೆ. ಎಮ್ರಿಸ್ ಮೂರು ವಾರದ ಹಿಂದೆ ಜಿಲ್ಲಾ ದಾಖಲೆ ಕಚೇರಿಯಿಂದ ಹಳೇ ನಕ್ಷೆಯ ಪ್ರತಿ ತರಿಸಿದ್ರು. ಅದನ್ನ ನೋಡಿಯೇ ಈ ಕೋಣೆ ಕೂರಿಸಿದ್ದು. ಇಲ್ಲೇ ಗೋಡೆಗೆ ಹಾಕಿದ್ರು."

ಗೋಡೆಯ ಮೇಲೆ ನಾಲ್ಕು ಗುಂಡುಪಿನ್ನುಗಳಷ್ಟೇ ಇದ್ದವು.

ಗೆಥಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬೊಂಬೆಮನೆ ನಾಲ್ಕಡಿ ಸರಿಸೋಕೆ ಯಾರಾದ್ರೂ ಮನುಷ್ಯನ್ನ ಸಾಯೋಕೆ ಬಿಡ್ತಾರಾ?"

"ಅದೇ ಪ್ರಶ್ನೆ," ಎಂದರು ನರ್ಸ್.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಇಬ್ಬರೂ ವ್ಯಾನಿನಲ್ಲಿ ಹೊರಟರು. ಮೊದಲು ಸಿಕ್ಕವನು ಹಾರ್ಡಿಂಗ್. ಗಡಿಯಾಚೆಯ ಇಂಗ್ಲೆಂಡಿನಿಂದ ಬಂದು ಊರಿನ ವಸತಿಗೃಹದಲ್ಲಿ ವಾರದಿಂದ ಉಳಿದಿದ್ದ ಸಂಗ್ರಹಕಾರ. ಎಮ್ರಿಸ್‌ರ ಮಾದರಿಯನ್ನು ಹೇಗಾದರೂ ತನ್ನ ಊರಿನ ಸಂಗ್ರಹಾಲಯಕ್ಕೆ ಒಯ್ಯಬೇಕೆಂದು ಹಠ ಹಿಡಿದಿದ್ದ. ಊರವರ ಅನುಮಾನವೆಲ್ಲ ಅವನ ಮೇಲೇ ಇತ್ತು.

"ಹೋಗಿದ್ದೆ, ಒಂದೂವರೆಗೆ," ಎಂದು ಅವನು ಒಪ್ಪಿಕೊಂಡ. "ನನ್ನ ಒಂದು ವ್ಯಾಗನ್ ತೋರಿಸ್ದೆ. ನಾನು ಏಳರ ಅಳತೆಯಲ್ಲಿ ಮಾಡೋನು. ಅವರು ಅದನ್ನ ತಮ್ಮ ಹಳಿ ಪಕ್ಕ ಇಟ್ಟು, 'ನಿನ್ನ ವ್ಯಾಗನ್ ಚೆನ್ನಾಗಿ ಊಟ ಮಾಡಿದೆ' ಅಂತ ನಕ್ಕರು. ಎರಡು ಗಂಟೆಗೆ ನನ್ನನ್ನ ಕಳಿಸಿಬಿಟ್ರು. ಯಾರೋ ಹಳೇ ಗೆಳೆಯ ಬರ್ತಾನೆ, ಬಂದು ಒಂದು ಕಡೆ ನಿಂತು ನೋಡ್ಬೇಕು, ಅದು ಒಬ್ಬನೇ ನೋಡೋವಂಥದ್ದು, ಅಂದ್ರು. ಹೆಸರು ಹೇಳ್ಲಿಲ್ಲ."

ಹೈಲ್ವೆನ್ ತನ್ನ ತಾಯಿ ಡಿಲಿಸ್ ಜೊತೆ ಗುಡ್ಡದ ಮೇಲಿನ ಸಾಲುಮನೆಯ ಕೊನೆಯಲ್ಲಿದ್ದಳು. ಡಿಲಿಸ್‌ಗೆ ಎಪ್ಪತ್ತಮೂರು. ಮೂವತ್ತೇಳು ವರ್ಷದಿಂದ ಆಕೆ ಊರಿನ ದೊಡ್ಡ ರಸ್ತೆಗೆ ಇಳಿದಿರಲಿಲ್ಲ. ಅದು ಯಾಕೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ.

"ನಿನ್ನೆ ಮೂರು ಗಂಟೆಗೆ ನಾನು ಅಲ್ಲಿಗೆ ಹೋಗಿದ್ದೆ," ಎಂದಳು ಹೈಲ್ವೆನ್. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು. "ದ್ರಾಕ್ಷಿ ಬ್ರೆಡ್ಡು ತಗೊಂಡು. ಬಾಗಿಲು ಒಳಗಿಂದ ಹಾಕಿತ್ತು. ತಟ್ಟಿದೆ, ಕೂಗಿದೆ. ನಿದ್ದೆ ಹೋಗಿರ್ಬೇಕು ಅಂತ ಹೊಸ್ತಿಲ ಮೇಲಿಟ್ಟು ಬಂದೆ."

ಮೈರಿಗ್ ಬೆಚ್ಚಿಬಿದ್ದ. ನಾಲ್ಕು ಗಂಟೆಗೆ ತಾನು ಆ ಬ್ರೆಡ್ಡಿನ ಪೊಟ್ಟಣ ದಾಟಿಯೇ ಒಳಗೆ ಹೋಗಿದ್ದ, ಆದರೆ ಆಗ ಬಾಗಿಲಿಗೆ ಅಗುಳಿ ಇರಲಿಲ್ಲ.

"ಎಮ್ರಿಸ್ ನಿಂಗೇನಾದ್ರೂ ಹೇಳಿದ್ರಾ ಮಗಾ?"

"ಶುಕ್ರವಾರ ಹೇಳಿದ್ರು. 'ಸೋಮವಾರ ಅಮ್ಮನ್ನ ಕರ್ಕೊಂಡು ಬಾ, ಇಷ್ಟು ವರ್ಷ ಕಾದಿದ್ದಕ್ಕೆ ಒಂದು ವಿಷಯ ಇದೆ' ಅಂದ್ರು. ಅಮ್ಮ ಬರಲ್ಲ ಅಂದೆ. 'ಬರ್ತಾರೆ' ಅಂದ್ರು."

ನರ್ಸ್ ಡಿಲಿಸ್‌ರ ಕುರ್ಚಿಯ ಪಕ್ಕ ಕೂತು ಅವರ ಕೈ ಹಿಡಿದರು. "ಡಿಲಿಸ್, ಆ ಪೇಪರಿನ ತುಂಡು ಇನ್ನೂ ಇಟ್ಟಿದೀರಾ?"

ಮುದುಕಿ ಎದ್ದು ಬೈಬಲ್ಲಿನ ನಡುವಿನಿಂದ ಹಳದಿಯಾದ ಒಂದು ಕಾಗದ ತೆಗೆದು ಕೊಟ್ಟರು. ಸಾವಿರದ ಒಂಬೈನೂರ ಮೂವತ್ತೇಳರ ಅಪಘಾತದ ವಿಚಾರಣೆಯ ಪತ್ರಿಕಾ ವರದಿ. ಡಿಲಿಸ್‌ರ ಗಂಡ ಇಥೆಲ್ ವ್ಯಾಗನ್ನುಗಳಿಗೆ ಬ್ರೇಕು ಹಾಕುವವನಾಗಿದ್ದ. ಸ್ಲೇಟುಕಲ್ಲು ತುಂಬಿದ ವ್ಯಾಗನ್ನುಗಳು ಇಳಿಜಾರಿನಲ್ಲಿ ಹಿಡಿತ ತಪ್ಪಿ ಉರುಳಿ, ಕೆಳಗೆ ಕೆಲಸ ಮಾಡುತ್ತಿದ್ದ ಇಬ್ಬರು ಸತ್ತಿದ್ದರು. ಬ್ರೇಕು ಹಾಕುವ ಮೊದಲೇ ಇಥೆಲ್ ಕೈಯೆತ್ತಿ ಸನ್ನೆ ಮಾಡಿದನೆಂದು ಒಬ್ಬನೇ ಸಾಕ್ಷಿ ಹೇಳಿದ್ದ. ಕೆಲಸ ಹೋಯಿತು. ನಾಲ್ಕು ವರ್ಷಕ್ಕೆ ಇಥೆಲ್ ಕೊರಗಿಯೇ ಸತ್ತ.

ಕಾಗದ ಮೈರಿಗ್‌ನ ಕೈಗೆ ಬಂತು. ಅವನು ಭೂತಗನ್ನಡಿಯಿಟ್ಟು ಸಾಕ್ಷಿಯ ಹೇಳಿಕೆ ಓದಿದ. ಎರಡು ಸಲ ಓದಿದ. ಏನೋ ಹೇಳಲು ಬಾಯಿ ತೆರೆದವನ ಕೈಯನ್ನು ನರ್ಸ್ ಮೆಲ್ಲನೆ ಒತ್ತಿದರು.

ವ್ಯಾನಿನಲ್ಲಿ ಕೂತ ಮೇಲೆ ಮೈರಿಗ್ ತುಂಬ ಹೊತ್ತು ಕೀಲಿ ತಿರುಗಿಸಲಿಲ್ಲ. "ಈ ಸಾಕ್ಷಿ ಹೇಳಿದೋರು ನಂಗೆ ಭಾನುವಾರದ ಬೈಬಲ್ ಪಾಠ ಹೇಳ್ಕೊಟ್ಟೋರು ನರ್ಸ್," ಎಂದ.

"ಗೊತ್ತು. ನನ್ನ ಗಂಡ ತೀರ್ಕೊಂಡಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟೋರು. ನಡಿ."

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಭಾಕೋಣೆಯಲ್ಲಿ ಆರು ಜನ ಸೇರಿದರು. ಗೆಥಿನ್ ಬಾಗಿಲ ಬಳಿ ನಿಂತ. ಹಾರ್ಡಿಂಗ್ ಸಿಡುಕುತ್ತಾ ಒಂದು ಬೆಂಚಿನ ತುದಿಯಲ್ಲಿ ಕೂತ. ಹೈಲ್ವೆನ್ ಇದ್ವಾಲ್ ಪ್ರೈಸ್ ಅವರ ಪಕ್ಕದಲ್ಲೇ ಕೂತಳು. ಅಪ್ಪ ಸತ್ತಾಗಿನಿಂದ ಅವಳಿಗೆ ಅವರೇ ದಿಕ್ಕು: ಶಾಲೆಯ ಕೆಲಸ ಕೊಡಿಸಿದ್ದು, ಚಳಿಗಾಲಕ್ಕೆ ಕಲ್ಲಿದ್ದಲು ಇಳಿಸಿದ್ದು, ವಾರವಾರ ಮೊಟ್ಟೆ ತಂದುಕೊಟ್ಟದ್ದು ಎಲ್ಲ ಇದ್ವಾಲ್ ಮಾಮ.

ನರ್ಸ್ ಬೆವನ್ ನಿಂತೇ ಮಾತಾಡಿದರು.

"ಎಮ್ರಿಸ್ ಕೋಟನ್ನ ತಾವೇ ಬಿಚ್ಚೋಕಾಗ್ತಿರ್ಲಿಲ್ಲ. ಮಾತ್ರೆ ಡಬ್ಬಿಯನ್ನ ಹಾಗೆ ಬಿಗಿಯಾಗಿ ಮುಚ್ಚೋಕೂ ಆಗ್ತಿರ್ಲಿಲ್ಲ. ಅಂದ್ರೆ ಎದೆನೋವು ಬಂದಾಗ ಇನ್ನೊಬ್ಬರು ಜೊತೆಗಿದ್ರು. ಕೋಟು ತೆಗೆದು ಮಡಿಸಿ ತಲೆಗಿಟ್ರು, ಕನ್ನಡಕ ತೆಗೆದ್ರು, ಮಾತ್ರೆ ಕೊಟ್ರು. ಸತ್ತೋರ ತಲೆಗೆ ಯಾರೂ ದಿಂಬು ಇಡಲ್ಲ. ಆಗ ಎಮ್ರಿಸ್ ಬದುಕಿದ್ರು. ಇದನ್ನೆಲ್ಲ ಮಾಡಿದ್ದು ವೈರಿ ಅಲ್ಲ, ಅವರನ್ನ ಪ್ರೀತಿಸ್ತಿದ್ದ ಮನುಷ್ಯ."

ನರ್ಸ್ ಮೇಜಿನ ಮೇಲಿನ ಸಾಮಾನು ಕೋಣೆಯ ಕಡೆ ತಿರುಗಿದರು.

"ಆಮೇಲೆ ಆ ಮನುಷ್ಯ ಫೋನಿಗೆ ಓಡ್ಲಿಲ್ಲ. ಬಾಗಿಲಿಗೆ ಅಗುಳಿ ಹಾಕಿ, ಈ ಸಾಮಾನು ಕೋಣೆಯ ಸ್ಕ್ರೂ ಬಿಚ್ಚಿ, ಅಳತೆಪಟ್ಟಿ ಇಟ್ಟು ಅಳೆದು, ಅದನ್ನ ದೂರ ಸರಿಸಿ ಅಂಟಿಸಿದ್ರು. ಉದುರಿದ ಕಲ್ಲುಪುಡಿ ಕೆಳಗೆ ಮಲಗಿದ್ದ ಎಮ್ರಿಸ್‌ರ ತೋಳಿನ ಮೇಲೆ ಬಿತ್ತು. ಸಂಜೆ ಮೈರಿಗ್ ಮುಟ್ಟಿದಾಗ ಅಂಟು ಇನ್ನೂ ಹಸಿಯಾಗಿತ್ತು. ಮೂರು ಗಂಟೆಗೆ ಹೈಲ್ವೆನ್ ಬಂದಾಗ ಬಾಗಿಲು ಒಳಗಿಂದ ಹಾಕಿತ್ತು, ನಾಲ್ಕಕ್ಕೆ ಹಾಕಿರ್ಲಿಲ್ಲ."

"ನಾನಲ್ಲ," ಎಂದ ಹಾರ್ಡಿಂಗ್.

"ನೀವಲ್ಲ. ಈ ಕೋಣೆ ಎಲ್ಲಿದ್ರೆ ನಿಮಗೇನು? ಅಲ್ದೆ ಏಳಡಿ ಅಂತ ನೀವು ಅಳೆದಿದ್ರೆ ಕೈ ರೂಢಿಯಲ್ಲಿ ನಲವತ್ತೊಂಬತ್ತು ಮಿಲಿಮೀಟರಿಗೆ ಇಡ್ತಿದ್ರಿ. ಇದು ನಲವತ್ತೆರಡಕ್ಕಿದೆ. ಎಮ್ರಿಸ್‌ರ ಆರರ ಲೆಕ್ಕ ಚೆನ್ನಾಗಿ ಗೊತ್ತಿದ್ದೋರು, ಅವರು ಕೆಲಸ ಮಾಡೋದನ್ನ ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿದೋರು ಇಟ್ಟಿದ್ದು."

ಮೈರಿಗ್ ಎದ್ದು ಹೊಸ ಅಂಟನ್ನು ಚಾಕುವಿನಿಂದ ಬಿಡಿಸಿ, ಕೋಣೆಯನ್ನು ಸ್ಕ್ರೂ ತೂತುಗಳ ಮೇಲೆ ಕೂರಿಸಿದ. ಆಮೇಲೆ ಗಡಿಯಾರದ ಒಳಗನ್ನು ನೋಡಲು ಬಳಸುವ ಸಣ್ಣ ಕನ್ನಡಿಯೊಂದನ್ನು ತೂಕದ ಕಟ್ಟೆಯ ಮೇಲೆ, ಆ ಅಳತೆಯಲ್ಲಿ ಒಬ್ಬ ಮನುಷ್ಯನ ಕಣ್ಣು ಇರಬಹುದಾದ ಎತ್ತರಕ್ಕೆ, ಓರೆಯಾಗಿ ನಿಲ್ಲಿಸಿದ.

"ಹೈಲ್ವೆನ್, ಬಂದು ನೋಡು," ಎಂದರು ನರ್ಸ್. "ಗುಮಾಸ್ತ ನಿಲ್ತಿದ್ದ ಜಾಗ ಇದು. ಇಳಿಜಾರಿನ ತಲೆಯಲ್ಲಿ ಕೊನೆಯ ವ್ಯಾಗನ್ ಕಾಣುತ್ತಾ?"

ಹೈಲ್ವೆನ್ ಬಗ್ಗಿ ನೋಡಿದಳು. "ಇಲ್ಲ. ಕೋಣೆ ಗೋಡೆ ಅಡ್ಡ ಬರುತ್ತೆ."

ಮೈರಿಗ್ ಕೋಣೆಯನ್ನು ಏಳನೆಯ ಗೀರಿಗೆ ಸರಿಸಿದ.

"ಈಗ ಕಾಣುತ್ತೆ." ಅವಳು ತಲೆಯೆತ್ತಿದಳು. ಅರ್ಥ ಇನ್ನೂ ಪೂರ್ತಿ ಇಳಿದಿರಲಿಲ್ಲ. "ಇದು ಅಪ್ಪನ ಜಾಗ."

"ಹೌದು. ಅಪ್ಪ ಬ್ರೇಕು ಹಾಕಿ ಕೈ ಎತ್ತಬೇಕು. ಅದನ್ನ ನೋಡಿ ಗುಮಾಸ್ತ ಗಂಟೆ ಬಾರಿಸ್ಬೇಕು. ಗಂಟೆ ಕೇಳಿದ್ರೆ ಮುಂದಿದ್ದವನು ಚಕ್ರದಡಿಯ ಕೊರಡು ತೆಗೀತಾನೆ. ವಿಚಾರಣೆಯಲ್ಲಿ ಗುಮಾಸ್ತನನ್ನ ಕೇಳಿದ್ರು: ನಡುವೆ ಸಾಮಾನು ಕೋಣೆ ಇರುವಾಗ ನಿಮಗೆ ಹೇಗೆ ಕಾಣಿಸ್ತು ಅಂತ. ನಿನ್ನ ತಾಯಿ ಇಟ್ಟಿರೋ ಪೇಪರಿನಲ್ಲಿ ಉತ್ತರ ಇದೆ. 'ಕೋಣೆಯು ಹಳಿಯಿಂದ ಏಳಡಿ ದೂರದಲ್ಲಿದೆ, ನನಗೆ ಸ್ಪಷ್ಟವಾಗಿ ಕಾಣಿಸಿತು.' ಯಾರೂ ಹೋಗಿ ಅಳೆಯಲಿಲ್ಲ. ಮುಂದಿನ ವರ್ಷ ಕೋಣೆಯನ್ನೇ ಕೆಡವಿದ್ರು. ನಿಜವಾದ ಅಳತೆ ಆ ನಕ್ಷೆಯಲ್ಲಿ ಮಾತ್ರ ಉಳೀತು. ಅದರ ಪ್ರತಿ ಗೋಡೆಯಿಂದ ಹೋಗಿದೆ. ಆದ್ರೆ ಮೂಲ ಕಚೇರಿಯಲ್ಲೇ ಇದೆ, ನಾಳೆ ಬಾಗಿಲು ತೆಗೀತಾರೆ." ನರ್ಸ್ ತಿರುಗಿದರು. ಅವರ ದನಿ ತಗ್ಗಿತು. "ನಾಳೆವರೆಗೆ ಕಾಯ್ಬೇಕಾ ಇದ್ವಾಲ್?"

ಇದ್ವಾಲ್ ಪ್ರೈಸ್ ಕೋಟಿನ ಒಳಜೇಬಿಗೆ ಕೈ ಹಾಕಿ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ನಕ್ಷೆ.

"ಸುಡೋಣ ಅಂತ ಒಲೆ ಮುಂದೆ ಕೂತಿದ್ದೆ," ಎಂದರು. "ಆಗ್ಲಿಲ್ಲ. ಅವನ ಕೈಬರಹ ಇತ್ತು ಅದರಲ್ಲಿ."

ಹೈಲ್ವೆನ್ ಅವರ ಮುಖವನ್ನೇ ನೋಡುತ್ತಿದ್ದಳು. ಸಾಕ್ಷಿ ಹೇಳಿದ್ದು ಇವರೇ ಎಂದು ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು; ಕಂಡದ್ದನ್ನೇ ಹೇಳಿದರೆಂದು ನಂಬಿದ್ದಳು. "ಮಾಮ?"

"ಆಗ ನಂಗೆ ಇಪ್ಪತ್ಮೂರು ವರ್ಷ ಪುಟ್ಟಿ. ಕಟ್ಟೆಯಿಂದ ಕೆಳಗಿಳಿದು ನಾಲ್ಕು ಹೆಜ್ಜೆ ಹೋಗಿ ನಿಮ್ಮಪ್ಪನ ಕೈ ನೋಡ್ಬೇಕಿತ್ತು. ದಿನಾ ಹೋಗ್ತಿದ್ದೆ. ಆವತ್ತು ಹೋಗ್ಲಿಲ್ಲ. ಇಷ್ಟು ಹೊತ್ತಿಗೆ ಬ್ರೇಕು ಹಾಕಿರ್ತಾನೆ ಅಂತ ಗಂಟೆ ಬಾರಿಸ್ಬಿಟ್ಟೆ. ಇಬ್ಬರು ಸತ್ರು ಅಂತ ಕೇಳಿದಾಗ ಬಾಯಿಂದ ಬಂದದ್ದು ಆ ಮಾತು. ಒಂದ್ಸಲ ಹೇಳಿದ್ಮೇಲೆ ವಾಪಸ್ ತಗೊಳ್ಳೋಕೆ ದಾರಿ ಕಾಣ್ಲಿಲ್ಲ."

"ಶನಿವಾರ?" ಎಂದ ಗೆಥಿನ್.

"ಎಮ್ರಿಸ್ ಕರೆದ. ಕಟ್ಟೆ ಹತ್ರ ಬಗ್ಗಿ ನೋಡು ಅಂದ. ನೋಡ್ದೆ. ಬೈಲಿಲ್ಲ ಅವನು. 'ಸೋಮವಾರ ಜನ ಬರ್ತಾರೆ, ನೀನೇ ಹೇಳು, ನಾನು ಪಕ್ಕದಲ್ಲಿ ನಿಂತಿರ್ತೀನಿ' ಅಂದ. ನಾನು ಆಗಲ್ಲ ಅಂದೆ, ಕೂಗಾಡ್ದೆ. ಅವನೂ ದನಿಯೆತ್ತಿದ. ಹಾಗೇ ಎದೆ ಹಿಡ್ಕೊಂಡು ಕುಸಿದ. ಮಾತ್ರೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಉಸಿರು ಸರಿ ಹೋದ ಹಾಗಿತ್ತು, ಕಣ್ಣು ಮುಚ್ಚಿದ. ನಿದ್ದೆ ಅಂದ್ಕೊಂಡೆ. ನಿದ್ದೆ ಅಂತ ಅಂದ್ಕೊಳ್ಳೋಕೆ ನಂಗೆ ಇಷ್ಟ ಇತ್ತು. ಅವನು ಏಳೋದ್ರೊಳಗೆ..." ಅವರು ಮಾದರಿಯ ಕಡೆ ಕೈ ತೋರಿಸಿದರು.

"ಮೂರು ಗಂಟೆಗೆ ನಾನು ಬಾಗಿಲು ತಟ್ಟಿದೆ," ಎಂದಳು ಹೈಲ್ವೆನ್.

"ಹೂಂ."

"ಒಳಗಿದ್ರಾ?"

"ಇದ್ದೆ."

"ಅವರು?"

ಇದ್ವಾಲ್ ತಲೆ ತಗ್ಗಿಸಿದರು. "ಉಸಿರಾಡ್ತಿದ್ದ. ನೀನು ಕೂಗಿದ್ದು ಅವನಿಗೆ ಕೇಳಿಸ್ತು ಅಂತ ಕಾಣುತ್ತೆ. ಬೆರಳು ಅಲ್ಲಾಡಿಸಿದ. ನಾನು ಅಂಟು ಹಚ್ಚಿದ ಕೈಯಲ್ಲಿ ಹಾಗೇ ನಿಂತಿದ್ದೆ. ನೀನು ಹೋದ್ಮೇಲೆ ತಿರುಗಿ ನೋಡಿದ್ರೆ, ಅವನೂ ಹೋಗಿದ್ದ."

ಮೈರಿಗ್‌ಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಿಟಕಿಯ ಕಡೆ ತಿರುಗಿದ. ಎದುರಿನ ಗುಡ್ಡದ ಮೇಲೆ ಒಡೆದ ಸ್ಲೇಟುಕಲ್ಲಿನ ರಾಶಿಗಳು ಬಿಸಿಲಿಗೆ ನೀಲಿಯಾಗಿ ಹೊಳೆಯುತ್ತಿದ್ದವು. ಅವನ ಹಿಂದೆ ಇದ್ವಾಲ್ ಕೇಳುತ್ತಿದ್ದರು: "ನರ್ಸ್, ನಿಮಗೆ ಗೊತ್ತಿರುತ್ತೆ. ನಾನು ಆಗಲೇ ಓಡಿದ್ದಿದ್ರೆ ಬದುಕ್ತಿದ್ನಾ?"

ನರ್ಸ್ ಬೆವನ್ ಅವರ ಎದುರಿನ ಬೆಂಚಿನ ಮೇಲೆ ಕೂತರು. ಇಲ್ಲ ಎಂದಿದ್ದರೆ ಅದು ಕರುಣೆಯಾಗುತ್ತಿತ್ತು, ಹೌದು ಎಂದಿದ್ದರೆ ಶಿಕ್ಷೆಯಾಗುತ್ತಿತ್ತು. "ಗೊತ್ತಿಲ್ಲ ಇದ್ವಾಲ್," ಎಂದರು. "ಬದುಕಬಹುದಿತ್ತು, ಬದುಕದೆಯೂ ಇರಬಹುದಿತ್ತು. ಯಾವ ಡಾಕ್ಟರೂ ಹೇಳಲಾರರು. ಅದು ನಿಮಗೆ ಯಾವತ್ತೂ ಗೊತ್ತಾಗಲ್ಲ."

ಹೈಲ್ವೆನ್ ಎ‍ದ್ದು ನಿಂತಳು. ಪಕ್ಕದಲ್ಲಿ ಬಿದ್ದಿದ್ದ ಇದ್ವಾಲ್‌ರ ಟೋಪಿಯನ್ನು ಎತ್ತಿ ಅವರ ಕೈಗೆ ಕೊಟ್ಟಳು.

"ಸಾರ್ಜೆಂಟ್ ಕಾಯ್ತಿದಾರೆ, ಮಿಸ್ಟರ್ ಪ್ರೈಸ್," ಎಂದಳು.

ಮಾಮ ಎಂಬ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ.

ಅಂದು ಸಭಾಕೋಣೆಯ ಬಾಗಿಲು ಊರಿಗೆ ತೆರೆಯಲಿಲ್ಲ. ಇದ್ವಾಲ್ ಎರಡು ಹಾಳೆ ಹೇಳಿಕೆ ಬರೆದುಕೊಟ್ಟರು. ಒಂದು ಪೊಲೀಸರಿಗೆ, ಇನ್ನೊಂದು ಊರಿನ ವಾರಪತ್ರಿಕೆಗೆ. ಅಷ್ಟು ಹಳೆಯ ಸುಳ್ಳಿಗೆ, ಫೋನಿಗೆ ಓಡದಿದ್ದುದಕ್ಕೆ ಯಾವ ಕಲಂ ಹಾಕುವುದೆಂದು ಗೆಥಿನ್‌ನ ಮೇಲಿನವರು ಇನ್ನೂ ಚರ್ಚಿಸುತ್ತಲೇ ಇದ್ದರು. ಎಮ್ರಿಸ್‌ರ ಅಂತ್ಯಕ್ರಿಯೆಯ ದಿನ ಇದ್ವಾಲ್ ಸ್ಮಶಾನದ ಗೋಡೆಯ ಹೊರಗೆ ಬರಿದಲೆಯಲ್ಲಿ ನಿಂತಿದ್ದರು. ಯಾರೂ ಹೋಗೆನ್ನಲಿಲ್ಲ, ಯಾರೂ ಒಳಗೆ ಬಾ ಎನ್ನಲೂ ಇಲ್ಲ. ಹಾಡು ಶುರುವಾದಾಗ ಅವರು ವರ್ಷಗಟ್ಟಲೆ ಹಾಡಿದ್ದ ಗಾಯನ ಮಂಡಳಿಯಲ್ಲಿ ಅವರ ದನಿಯ ಜಾಗ ಖಾಲಿ ಇರುವುದು ಎಲ್ಲರ ಕಿವಿಗೂ ಬಿತ್ತು.

"ನಾನು ಸುಮ್ನಿರಬಹುದಿತ್ತು," ಎಂದರು ನರ್ಸ್, ವ್ಯಾನಿನಲ್ಲಿ ಮನೆಗೆ ಹೋಗುವಾಗ. "ಹೃದಯ ಅಂತ ಡಾಕ್ಟರು ಹೇಳಿಯಾಗಿತ್ತು. ಆ ಹುಡುಗಿಗೆ ಒಬ್ಬ ಮಾಮನಾದ್ರೂ ಉಳೀತಿದ್ದ."

ಮೈರಿಗ್ ಅವರ ಮನೆಯ ಮುಂದೆ ಎಂಜಿನ್ ನಿಲ್ಲಿಸಿ, ಇಳಿದು ಬಂದು ಅವರ ಬಾಗಿಲು ತೆರೆದ.

ಎಮ್ರಿಸ್‌ರ ಸಲಕರಣೆಗಳನ್ನು ಜೋಡಿಸಿಡುವ ಕೆಲಸ ಮೈರಿಗ್‌ನ ಪಾಲಿಗೆ ಬಂತು. ಮೇ ತಿಂಗಳ ಮೊದಲ ವಾರ, ಕೊನೆಯ ಸೆಳೆಖಾನೆಯಲ್ಲಿ ತೆಳುಕಾಗದದಲ್ಲಿ ಸುತ್ತಿದ ಒಂದು ಪುಟ್ಟ ಮನುಷ್ಯ ಸಿಕ್ಕಿದ. ಹೆಬ್ಬೆರಳಿನ ಅರ್ಧದಷ್ಟು ಉದ್ದ. ಬಣ್ಣ ಹಚ್ಚಿರಲಿಲ್ಲ. ಒಂದು ಕೈ ಏನನ್ನೋ ಹಿಡಿದು ಕೆಳಗೆ ಒತ್ತುವಂತೆ ಬಾಗಿತ್ತು. ಕಾಗದದ ಮೇಲೆ ಪೆನ್ಸಿಲಿನಲ್ಲಿ "ಇಥೆಲ್, ಸೋಮವಾರಕ್ಕೆ" ಎಂದಿತ್ತು. ಮೈರಿಗ್ ಮೂರು ದಿನ ಕೂತು ಬಣ್ಣ ಹಚ್ಚಿದ. ಇಳಿಜಾರಿನ ತಲೆಯಲ್ಲಿ ನಿಂತ ಕೊನೆಯ ವ್ಯಾಗನ್ನಿನ ಬ್ರೇಕಿನ ಹಿಡಿಗೆ ಅವನ ಕೈ ಸರಿಯಾಗಿ ಕೂತಿತು.

ಮುಂದಿನ ಬುಧವಾರ ಮಧ್ಯಾಹ್ನ ಡಿಲಿಸ್ ದೊಡ್ಡ ರಸ್ತೆಗೆ ಇಳಿದರು. ಒಂದು ಕಡೆ ಮಗಳು, ಇನ್ನೊಂದು ಕಡೆ ನರ್ಸ್ ಬೆವನ್. ಅಂಗಡಿಗಳ ಬಾಗಿಲಲ್ಲಿ ಜನ ಮಾತು ನಿಲ್ಲಿಸಿ ಎದ್ದು ನಿಂತರು. ಆಕೆ ಯಾರನ್ನೂ ನೋಡಲಿಲ್ಲ. ಸಭಾಕೋಣೆಗೆ ಬಂದು, ಮೈರಿಗ್ ಎಳೆದುಕೊಟ್ಟ ಕುರ್ಚಿಯಲ್ಲಿ ಕೂತು, ಮೇಜಿನ ಅಂಚಿಗೆ ಗಲ್ಲ ತಾಗುವಷ್ಟು ಬಾಗಿದರು. ಸಾಮಾನು ಕೋಣೆಯ ಕಡೆ ಅವರ ಕಣ್ಣು ಹೋಗಲೇ ಇಲ್ಲ. ಪುಟ್ಟ ಮನುಷ್ಯನನ್ನು ಅವರು ತಾವಾಗಿಯೇ ಹುಡುಕಿಕೊಂಡರು.

"ಟೋಪಿ ಎಡಕ್ಕೆ ವಾಲಿಸಿ ಹಾಕ್ತಿದ್ರು," ಎಂದರು. ಆಮೇಲೆ ಕೇಳಿದರು, "ನನ್ನ ಕಣ್ಣಿಗೆ ಸರಿಯಾಗಿ ಕಾಣಲ್ಲ. ಏನು ಮಾಡ್ತಿದಾರೆ?"

"ಬ್ರೇಕು ಹಾಕ್ತಿದಾರಮ್ಮ," ಎಂದಳು ಹೈಲ್ವೆನ್.

ಮುದುಕಿ ತಲೆಯಾಡಿಸಿದರು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡರು.

"ಹಾಕ್ಲಿ," ಎಂದರು. "ಯಾರೂ ಅವಸರ ಮಾಡ್ಬೇಡಿ."